ಗೋಲ್‌ಕೀಪರ್‌ಗೆ ಇನ್ನೊಂದು ವರ್ಷ

ಸೀಮೆಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಗೋಣಿಬೀಡಿನಲ್ಲಿ ಅಪ್ಪನದು ಜೀಪು ರಿಪೇರಿಯ ಗ್ಯಾರೇಜು. ಅದರ ಹಿಂದಿನ ಕೋಣೆಯ ಕಂಪ್ಯೂಟರಿನಲ್ಲಿ ನಾನೂ ಅಣ್ಣನೂ ಫುಟ್‌ಬಾಲ್ ತಂಡವೊಂದನ್ನು ನಡೆಸುವ ಆಟ ಆಡುತ್ತಿದ್ದೆವು. ಕೊನೆಯ ದರ್ಜೆಯ, ಸದಾ ಸೋಲುವ ತಂಡ. ಅದರ ಗೋಲ್‌ಕೀಪರ್‌ಗೆ ಅಣ್ಣ ತನ್ನದೇ ಹೆಸರಿಟ್ಟಿದ್ದ. "ಇದು ಊಟ ಹಾಕುತ್ತಾ?" ಎಂದು ಅಪ್ಪ ದಿನಾ ಬೈಯುತ್ತಿದ್ದ.

ಹತ್ತೊಂಬತ್ತನೇ ವಯಸ್ಸಿಗೆ ಅಣ್ಣ ಘಾಟಿಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಆಮೇಲೆ ನಾನೊಬ್ಬನೇ ಆಡುತ್ತಿದ್ದೆ. ಆಟದೊಳಗೆ ವಾರಕ್ಕೊಂದು ವರ್ಷ ಕಳೆಯುತ್ತಿತ್ತು, ಆಟಗಾರರಿಗೂ ವಯಸ್ಸಾಗುತ್ತಿತ್ತು.

ಆ ಮಧ್ಯಾಹ್ನ ಅಪ್ಪ ಸೀಮೆಎಣ್ಣೆಯಲ್ಲಿ ಗ್ರೀಸು ತೊಳೆದ ಕೈಯನ್ನು ಒರೆಸಿಕೊಳ್ಳುತ್ತಾ ಒಳಗೆ ಬಂದವನು, ಪರದೆಯ ಮೇಲೆ ಅಣ್ಣನ ಹೆಸರು ಕಂಡು ನಿಂತ.

"ಎಂತ ಅಂತೆ ಅವನದ್ದು?"

"ವಯಸ್ಸಾಯ್ತಂತೆ ಅಪ್ಪ. ಈ ಸೀಸನ್ ಮುಗಿದ್ಮೇಲೆ ಆಟ ಬಿಡ್ತಾನಂತೆ."

"ಎಷ್ಟು ಈಗ ಅವನಿಗೆ?"

"ಮೂವತ್ತೆಂಟು."

ಅಪ್ಪ ಆ ಸಂಖ್ಯೆಯನ್ನೇ ಬಹಳ ಹೊತ್ತು ನೋಡಿದ.

"ಇನ್ನೊಂದು ವರ್ಷ ಇರು ಅಂತ ಹೇಳು ಮಾರಾಯ. ನೀನೇ ಅಲ್ವಾ ಮ್ಯಾನೇಜರು?"

"ಹೇಳ್ದೆ. ಕೇಳಲ್ಲ ಅಂತಾನೆ."

ಅಪ್ಪ ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತ.

"ನಾನು ಹೇಳ್ತೀನಿ. ಎಲ್ಲಿ ಒತ್ತಬೇಕು, ತೋರ್ಸು."