ಪ್ರತ್ಯಕ್ಷವಾಗಿ, ಪರೋಕ್ಷವಾಗಿ

ಗುರುದತ್ ವಂದನಾರ್ಪಣೆಯ ಹಾಳೆ ಬಿಚ್ಚುವ ಹೊತ್ತಿಗೆ ಸಭೆಯ ಅರ್ಧ ಜನ ಊಟದ ಸಾಲಿನತ್ತ ಜಾರಿಕೊಂಡಿದ್ದರು. ಅಮೆರಿಕದ ರಾಲಿ ನಗರದ ಪಕ್ಕದ ಆ ಪುಟ್ಟ ಕನ್ನಡ ಕೂಟದಲ್ಲಿ ಭಾಷಣವನ್ನಾದರೂ ಸಹಿಸುತ್ತಾರೆ, ವಂದನಾರ್ಪಣೆಯನ್ನು ಮಾತ್ರ ಯಾರೂ ಸಹಿಸುವುದಿಲ್ಲ.

ಒಬ್ಬರನ್ನು ಬಿಟ್ಟು. ಗಂಧದ ಹಾರ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ ಮುಖ್ಯ ಅತಿಥಿ, ತೊಂಬತ್ತಮೂರು ವರ್ಷದ ಲವೀನಿಯಾ ಪೆಟಿಫೋರ್ಡ್, ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ಐವತ್ತರ ದಶಕದಲ್ಲಿ ಹಾಲಿವುಡ್ಡಿನ ಹತ್ತೊಂಬತ್ತು ಚಿತ್ರಗಳಲ್ಲಿ ನಟಿಸಿದವರು. ಕಪ್ಪು ಹೆಂಗಸು ಎಂದು ಅವರಿಗೆ ಸಿಕ್ಕಿದ್ದು ಒಂದೇ ಪಾತ್ರ, ಮನೆಕೆಲಸದವಳದು. ಹತ್ತೊಂಬತ್ತರಲ್ಲೂ ಬಡಿಸಿದ್ದರು, ಒಂದರಲ್ಲೂ ಅವರ ಹೆಸರು ತೆರೆಯ ಮೇಲೆ ಬಂದಿರಲಿಲ್ಲ. "ನಮ್ಮೋರು ಮೈಕಲ್ಲಿ ನಿಮ್ಮ ಹೆಸರು ಹೇಳ್ತಾರೆ" ಎಂದು ಮಾತು ಕೊಟ್ಟು ಪಕ್ಕದ ಮನೆಯ ಮಧುರಾ ಕರೆತಂದಿದ್ದಳು. ಸ್ವಾಗತದ ಹೊತ್ತಿಗೆ ಇಬ್ಬರೂ ಇನ್ನೂ ಹೈವೇಯಲ್ಲಿದ್ದರು. ಹಾರ ಹಾಕುವಾಗ ಮೈಕು ಕೈಕೊಟ್ಟಿತು. ಉಳಿದದ್ದು ವಂದನಾರ್ಪಣೆ ಒಂದೇ.

"ಈಗ ಯಾರ ಹೆಸರು?" ಲವೀನಿಯಾ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು.

"ಕುರ್ಚಿ ಜೋಡಿಸಿದವರದು," ಎಂದಳು ಪಕ್ಕದಲ್ಲಿ ಕೂತಿದ್ದ ಮಧುರಾ.

"ಕುರ್ಚಿಗೂ ಹೆಸರು ಹೇಳ್ತಾರಾ! ಈಗ?"

"ಎಕ್ಸ್‌ಟೆನ್ಷನ್ ಕಾರ್ಡ್ ತಂದ ಪ್ರತಾಪ್."

"ನಮ್ಮ ಒಂದು ಸಿನಿಮಾದಲ್ಲಿ ತೆರೆ ಮೇಲೆ ನಾಯಿಯ ಹೆಸರು ಹಾಕಿದ್ರು," ಎಂದರು ಲವೀನಿಯಾ. "ಅದಕ್ಕೆ ಊಟ ಹಾಕೋ ಪಾತ್ರ ನಂದು. ಒಳ್ಳೆ ನಟ, ಪಾಪ."

ದೊಡ್ಡ ಹೆಸರನ್ನು ಕೊನೆಗೆ ಇಟ್ಟುಕೊಳ್ಳುವುದು ಗುರುದತ್ತನ ಪದ್ಧತಿ. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಗುರು, ಬಾತ್ ತಣ್ಣಗಾಗ್ತಿದೆ, ಸ್ವಲ್ಪ ಫಾಸ್ಟ್ ಮಾಡಪ್ಪಾ!" ಎಂದು ಕೂಗಿದರು. ಅವನು ಗಾಬರಿಯಾಗಿ ಹಾಳೆ ಮಡಿಚಿ, "ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ ಧನ್ಯವಾದಗಳು" ಎಂದು ಒಂದೇ ಉಸಿರಿಗೆ ಮುಗಿಸಿ ವೇದಿಕೆಯಿಂದ ಇಳಿದೇಬಿಟ್ಟ.

"ನಂದು ಬಂತಾ?"

ಮಧುರಾಗೆ ಅಳುವೇ ಬಂತು. "ಎಲ್ಲರಿಗೂ ಅಂದ್ರು... ಅದರಲ್ಲಿ ನೀವೂ ಬಂದ್ರಿ."

"ಓ, ಅದು ನನಗೆ ಚೆನ್ನಾಗಿ ಗೊತ್ತಿರೋ ಜಾಗ," ಎಂದು ಲವೀನಿಯಾ ಊರುಗೋಲು ಹಿಡಿದು ಎದ್ದರು.

ನೇರವಾಗಿ ಊಟದ ಮೇಜಿಗೆ ಹೋದರು. ಬಿಸಿಬೇಳೆ ಬಾತಿನ ಪಾತ್ರೆಯ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತು ಸೌಟು ಕೈಗೆತ್ತಿಕೊಂಡರು. "ಬಡಿಸೋದು ನಂಗೆ ಬರುತ್ತೆ. ನನ್ನ ಹೆಸರು ಹೇಳಿದವರಿಗೆ ಬಾತ್. ಪೂರ್ತಿ ಹೆಸರು!" ಮಧುರಾ ಅದನ್ನೇ ಕನ್ನಡದಲ್ಲಿ ಇನ್ನೂ ಜೋರಾಗಿ ಸಾರಿದಳು.

ಹಸಿದ ಕನ್ನಡಿಗ ಯಾವ ಷರತ್ತಿಗೂ ಒಪ್ಪುತ್ತಾನೆ. ಕೂಟದ ಅಧ್ಯಕ್ಷ ಬಸಲಿಂಗಪ್ಪನವರು ತಟ್ಟೆ ಮುಂದೊಡ್ಡಿ ಹೇಳಿದರು. ಮಕ್ಕಳು ಕಿರುಚಿ ಹೇಳಿದವು. ಎರಡನೇ ಸಲ ಬಂದವರು ಎರಡನೇ ಸಲ ಹೇಳಬೇಕಾಯಿತು. ಮುದುಕಿ ಪ್ರತಿ ಸಲವೂ ಈಗಷ್ಟೇ ಕೇಳಿದವರಂತೆ ಹಿಗ್ಗಿದರು.

ಗುರುದತ್ ನಾಚಿಕೆಯಿಂದ ಸಾಲಿನ ಕಟ್ಟಕಡೆಗೆ ನಿಂತಿದ್ದ. ಅವನ ಸರದಿ ಬಂದಾಗ ಸೌಟು ಪಾತ್ರೆಯ ತಳ ಕೆರೆಯಿತು.

"ಖಾಲಿ," ಎಂದರು ಲವೀನಿಯಾ.

"ಗೊತ್ತು ಆಂಟಿ," ಎಂದ ಗುರುದತ್. ಬರಿಯ ತಟ್ಟೆಯನ್ನು ಎದೆಗೊತ್ತಿಕೊಂಡು ಅವರ ಹೆಸರು ಹೇಳಿದ, ಪೂರ್ತಿಯಾಗಿ.