ಬರಿಗೈಯ ನಿಯಮ

“ತುಳಸಿ, ಈ ಕೆಲಸ ಅಜಯ್ ಮಾಡ್ಲಿ ಬಿಡಿ,” ಎಂದರು ಮೇಲಧಿಕಾರಿ ದಕ್ಷಿಣಾಮೂರ್ತಿ, ಅವಳ ಕೈ ಕಡೆ ನೋಡದೆ.

ತುಳಸಿ ಆಗಲೇ ಕೆಟ್ಟುಹೋದ ನೆಟ್‌ವರ್ಕ್ ಸ್ವಿಚ್ಚಿನ ಪೆಟ್ಟಿಗೆಯ ಮುಚ್ಚಳ ಬಿಚ್ಚಿಟ್ಟಿದ್ದಳು. ಬೆಂಜ್ ಸರ್ಕಲ್ ಪಕ್ಕದ ಆ ಆಫೀಸಿನ ಕಂಪ್ಯೂಟರುಗಳೆಲ್ಲ ಬೆಳಗಿನಿಂದ ಒಂದಕ್ಕೊಂದು ಮಾತು ಬಿಟ್ಟು ಕೂತಿದ್ದವು. ಹಳೆಯ ಪೆಟ್ಟಿಗೆಯೊಳಗಿನ ಉಗುರಿನಷ್ಟಗಲದ ಗುರುತಿನ ಚಿಪ್ಪನ್ನು ತೆಗೆದು ಹೊಸ ಪೆಟ್ಟಿಗೆಗೆ ಕೂರಿಸಿ, ಆಮೇಲೆ ಕೇಬಲ್ಲುಗಳು ಬಂದು ಸೇರುವ ಇಂಟರ್‌ಫೇಸ್ ಕಾರ್ಡುಗಳನ್ನು ಹಾಕಬೇಕು. ಚಿಪ್ ಇಲ್ಲದಿದ್ದರೆ ಹೊಸ ಪೆಟ್ಟಿಗೆ ಯಾರೋ ಏನೋ, ನೆಟ್‌ವರ್ಕ್ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಮುಟ್ಟಿದವರ ಮೈಯಿಂದ ಒಂದು ಸಣ್ಣ ಕಿಡಿ ತಾಗಿದರೂ ಅದರ ಕಥೆ ಮುಗಿಯಿತು. ಬದಲಿ ಚಿಪ್ ಇರಲಿಲ್ಲ.

ಅದಕ್ಕೇ ಆ ನಿಯಮ: ಮಣಿಕಟ್ಟಿಗೆ ಬಿಗಿದು ಮೈಯ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಪಟ್ಟಿಯೊಂದನ್ನು ಬಿಟ್ಟು ಕೈಮೇಲೆ ಏನೂ ಇರಕೂಡದು. ನಿಯಮ ಮಾಡಿದವರು ಸ್ವತಃ ದಕ್ಷಿಣಾಮೂರ್ತಿ. ಹೆಡ್ ಆಫೀಸಿನ ದೊಡ್ಡ ಸಾಹೇಬರ ಚಿನ್ನದ ಕಡಗವನ್ನೂ ಬಾಗಿಲಲ್ಲೇ ಬಿಚ್ಚಿಸಿದ ಆಸಾಮಿ. ಅಂಥವರ ಬಾಯಿ ಇವತ್ತು ತುಳಸಿಯ ಹಸಿರು ಗಾಜಿನ ಬಳೆಗಳ ಮುಂದೆ ಕಟ್ಟಿಹೋಗಿತ್ತು.

ಕಟ್ಟದೆ ಏನು ಮಾಡೀತು? ಹೋದ ತಿಂಗಳು ತುಳಸಿಯ ಗಂಡ ಭೀಮಸೇನ ತೀರಿಕೊಂಡಿದ್ದ. ಕರ್ಮದ ದಿನ ಪಟಮಟದ ಮನೆಯಲ್ಲಿ ಅವನ ಅಕ್ಕ ಹೈಮಾವತಿ ಬಳೆ ಒಡೆಸಲು ಕೈ ಹಿಡಿದೆಳೆದಾಗ, ತುಳಸಿ ಕೈ ಕಿತ್ತುಕೊಂಡು ಸೆರಗಿನೊಳಗೆ ಸುತ್ತಿಕೊಂಡು ಕೂತುಬಿಟ್ಟಿದ್ದಳು. ಆಫೀಸಿನವರ ಜೊತೆ ದಕ್ಷಿಣಾಮೂರ್ತಿಯೂ ಅಲ್ಲಿದ್ದರು. “ನಾ ಒಡಸ್ಕೊಳ್ಳಾಂಗಿಲ್ಲ” ಎಂದ ಅವಳ ದನಿ ಇನ್ನೂ ಅವರ ಕಿವಿಯಲ್ಲಿತ್ತು. ಈಗ ತಾವೇ ಹೋಗಿ ಬಳೆ ತೆಗೆಯಿರಿ ಎನ್ನುವುದೇ? ಅಯ್ಯೋ, ನಾಲಿಗೆ ಹೇಗೆ ಹೊರಳೀತು!

“ಅಜಯ್ ವೈಜಾಗ್‌ನ್ಯಾಗ ಅದಾನಲ್ರೀ ಸರ್.”

“ರತ್ನಾಚಲ್ ರೈಲು ಹತ್ತಿದ್ರೆ ಸಾಯಂಕಾಲ ಇಲ್ಲಿರ್ತಾನೆ. ಪರ್ವಾಲೇದು, ಏನೂ ತೊಂದರೆ ಇಲ್ಲ, ನೀವು ಹೊರಗಡೆ ಫೋನ್ ನೋಡ್ಕೊಳ್ಳಿ.”

“ಹೋದ ವಾರ ಇಬ್ರಾಹಿಂಪಟ್ನಂ ಕೆಲಸಾನೂ ಹಿಂಗ ಅಂದು ಜಗದೀಶಗ ಕೊಟ್ರಿ.” ಸಿಟ್ಟು ಬಂದರೆ ತುಳಸಿಯ ಧಾರವಾಡದ ಮಾತು ಇನ್ನಷ್ಟು ಗಟ್ಟಿಯಾಗುತ್ತಿತ್ತು. “ಪಾಪ, ಪಾಪ ಅನ್ಕೋತ ಒಂದೊಂದ ಕೆಲಸ ಕಸ್ಗೊಂಡ್ರ ನನ್ನ ಕಡೆ ಏನ್ ಉಳೀತದ್ರೀ? ಗಂಡ ಹೋದ. ಕೆಲಸಾನೂ ಹೋಗ್ಬೇಕೇನು?”

“ಅಲ್ಲಮ್ಮಾ, ಹಾಗಲ್ಲ... ಆ ಬಳೆ...”

“ಮತ್ತ ಅದನ್ನ ಬಾಯಿಬಿಟ್ಟು ಹೇಳ್ರಲ್ಲ! ನಿಮ್ಮ ರೂಲು ನನಗ ಗೊತ್ತಿಲ್ಲೇನು?”

ತುಳಸಿ ಅಲ್ಲೇ ನಿಂತು ಬಳೆಗಳನ್ನು ಒಂದೊಂದಾಗಿ ಕಳಚಿ ಮೇಜಿನ ಮೇಲಿಟ್ಟಳು. ಗಾಜು ಗೆಣ್ಣಿಗೆ ಸಿಕ್ಕಿ ಚರ್ಮ ಕೆಂಪಾಯಿತು. ಅವಳಿಗೆ ಅಳು ಬಂತು, ನುಂಗಿಕೊಂಡಳು. ಬರಿಗೈಗೆ ಪಟ್ಟಿ ಬಿಗಿದುಕೊಂಡು ಚಿಪ್ಪನ್ನು ಎಬ್ಬಿಸಿದಳು. ಚಿಪ್ ಕೂತಿತು. ಕಾರ್ಡುಗಳು ಟಕ್ಕೆಂದು ಸೇರಿಕೊಂಡವು. ಹೊಸ ಪೆಟ್ಟಿಗೆಯ ದೀಪಗಳು ಮಿಣುಕಿದವು. ಸ್ವಲ್ಪ ಹೊತ್ತಿಗೆ ಹೊರಗಿನ ಹಾಲಿನಲ್ಲಿ ಯಾರೋ ತೆಲುಗಿನಲ್ಲಿ “ವಚ್ಚಿಂದಿ, ವಚ್ಚಿಂದಿ!” ಎಂದು ಕೂಗಿಕೊಂಡರು; ನೆಟ್‌ವರ್ಕ್ ಬಂದಿತ್ತು.

ತುಳಸಿ ಪಟ್ಟಿ ಬಿಚ್ಚಿಟ್ಟು ಮೊದಲ ಬಳೆ ಎತ್ತಿಕೊಂಡಳು. ದಕ್ಷಿಣಾಮೂರ್ತಿ ಮೆಲ್ಲಗೆ ಗೋಡೆಯ ಕಡೆ ಮುಖ ತಿರುಗಿಸಿದರು.

“ಯಾಕ್ರೀ ಸರ್, ಆ ಕಡೆ ತಿರುಗಿದ್ರಿ?” ಎಂದಳು ತುಳಸಿ. “ಅವತ್ತ ನನ್ನ ಕೈ ಹಿಡಿದು ಎಳಿಯೂಮುಂದ ಎಲ್ಲಾರೂ ನೋಡ್ಕೋತ ನಿಂತಿದ್ರಿ. ಈಗ ಹಾಕ್ಕೊಳ್ಳೂದನ್ನೂ ನೋಡ್ರಿ.”