ಅಲ್ಬೇನಿಯಾಕ್ಕೆ ಹೋದವರು ತಿಳಿದಿರಬೇಕಾದದ್ದು

ಮಗಳನ್ನು ನಿನ್ನ ಮಗನಿಗೇ ಕೊಡುತ್ತೇನೆಂದು ಪುಟ್ಟಗೌರಮ್ಮ ತೊಟ್ಟಿಲ ಶಾಸ್ತ್ರದ ದಿನವೇ ಅಣ್ಣನಿಗೆ ಮಾತು ಕೊಟ್ಟಿದ್ದಳು. ಈಗ ಮಗಳು ಮೆಚ್ಚಿದ ಅಲ್ಬೇನಿಯಾದ ಹುಡುಗನ ಮನೆಗೆ, ‘ಆಗದು’ ಎನ್ನಲೆಂದೇ ಬಂದಿದ್ದಳು. ವಿಮಾನ, ವ್ಯಾನು ಹತ್ತಿಳಿದು ಸೊಂಟ ಬಿದ್ದುಹೋಗಿತ್ತು.

“ಚಪ್ಪಲಿ ಹೊರಗೆ ಬಿಡಮ್ಮ. ಕಾಫಿ ಕೊಟ್ರೆ ಬೇಡ ಅನ್ಬೇಡ,” ಎಂದು ಮಗಳು ಬಾಗಿಲಲ್ಲೇ ಪಾಠ ಹೇಳಿದಳು.

ಹುಡುಗನ ತಾಯಿ ಕೈಹಿಡಿದು ಏನೋ ಕೇಳಿದಳು.

“ಸಂಬಂಧ ಒಪ್ಪಿಗೇನಾ ಅಂತಿದಾರೆ.”

ಪುಟ್ಟಗೌರಮ್ಮ ಬಲವಾಗಿ ಅಡ್ಡಡ್ಡ ತಲೆಯಾಡಿಸಿದಳು. ಆಕೆ ಅಳುತ್ತಾ ತಬ್ಬಿಕೊಂಡಳು.

“ಇದೇನೇ?”

“ಅಯ್ಯೋ, ಹೇಳೋದೇ ಮರೆತೆ. ಇಲ್ಲಿ ಹಾಗೆ ಆಡಿಸಿದ್ರೆ ಹೂಂ ಅಂತ.”

“ಮರೆತ್ಯೋ, ಬಚ್ಚಿಟ್ಯೋ?”

“ಬೇಡ ಅಂತ ಹೇಳ್ಬಿಡ್ಲಾ?” ಮಗಳು ಅಮ್ಮನ ಸೆರಗು ಹಿಡಿದು ಕೇಳಿದಳು.

ತಬ್ಬಿದ ತೋಳು ಸಡಿಲಿಸದೆಯೇ ಆ ತಾಯಿ ಇನ್ನೊಮ್ಮೆ ಕೇಳಿದಳು. ಪುಟ್ಟಗೌರಮ್ಮ ಮೆಲ್ಲಗೆ, ಮತ್ತೆ ಅಡ್ಡಡ್ಡವೇ ತಲೆಯಾಡಿಸಿದಳು.

ಅಣ್ಣನಿಗೆ ಕೊಟ್ಟ ಮಾತಿಗೆ ತಪ್ಪಿದಳು.